ಬೆಳ್ಳುಳ್ಳಿ ವಾಸನೆಯ ರಬ್ಬರ್ ಹುಳ

ಕಾಫಿ ಎಸ್ಟೇಟಿನ ರೈಟರಿಗೆ ಹಾಜರಿ ಬರೆಯುವುದೊಂದೇ ಕೆಲಸ ಅಂತ ತಿಳಿದವರು ವನಗೂರಿನ ಕಡೆ ಒಮ್ಮೆ ಬಂದು ಹೋಗಬೇಕು. ಇಲ್ಲಿ ನಾವು ಸುಮ್ಮನಿದ್ದರೂ ಫಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಪ್ಯಾಕೆಟ್ ಹುಳ.

ಒಗ್ಗರಣೆ

ನಮ್ಮ ಸಾಹುಕಾರರ ಭಾವಮೈದ ಹಡಗಿನಲ್ಲಿ ಇಂಜಿನಿಯರ್. ರಜೆಗೆ ಎಸ್ಟೇಟಿಗೆ ಬಂದಾಗ ನನಗೆ ಗಾಳದ ಹುಚ್ಚು ಇರುವುದು ಅವರಿಗೆ ತಿಳಿಯಿತು. ಯಾವುದೋ ಬಂದರಿನಲ್ಲಿ ಕೊಂಡ ಪ್ಯಾಕೆಟ್ಟನ್ನು ಕೈಗಿಟ್ಟರು. ಒಳಗೆ ಗೇಣುದ್ದದ, ನೇರಳೆ ಬಣ್ಣದ, ಮುಟ್ಟಿದರೆ ನುಲಿಯುವ ಹತ್ತು ರಬ್ಬರ್ ಹುಳ.

"ಇನ್ಮೇಲೆ ಎರೆಹುಳ ಅಗೆಯೋ ಕಷ್ಟ ಇಲ್ಲ ರೈಟ್ರೇ. ಇದನ್ನ ಕಂಡ್ರೆ ಮೀನು ಓಡಿ ಬರುತ್ತೆ" ಅಂದರು.

ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಮೂಸಿ ನೋಡಿ, "ಬೆಳ್ಳುಳ್ಳಿ ವಾಸನೆ ಕಣ್ರೀ!" ಅಂದಳು. ಮೀನಿಗೆ ಆಸೆ ಹುಟ್ಟಲಿ ಅಂತ ಹಾಗೆ ಮಾಡಿರುತ್ತಾರೆ ಅಂತ ನಾನು ದೊಡ್ಡ ತಜ್ಞನ ಹಾಗೆ ವಿವರಿಸಿದೆ.

"ನಾವು ಮೀನು ಸಿಕ್ಕಿದ್ ಮೇಲೆ ಒಗ್ಗರಣೆ ಹಾಕ್ತೀವಿ. ಅವ್ರು ಹುಳಕ್ಕೇ ಹಾಕ್ಬುಟ್ಟವ್ರಲ್ಲ!"

ಸುಣ್ಣಕ್ಕೂ ಜಗ್ಗದ ಇಂಬಳ

ಮಳೆಗಾಲದ ಬೆಳಿಗ್ಗೆ ಹಾಜರಿ ಕೂಗುತ್ತಿದ್ದೆ. ಬಗ್ಗಿದಾಗ, ಸಂಜೆಯ ಗಾಳಕ್ಕೆಂದು ಜೇಬಿಗಿಟ್ಟಿದ್ದ ಒಂದು ರಬ್ಬರ್ ಹುಳ ಜಾರಿ ಪಕ್ಕದಲ್ಲಿದ್ದ ಮೇಸ್ತ್ರಿಯ ಪಾದದ ಮೇಲೆ ಬಿತ್ತು. ತೋಟದಲ್ಲಿ ರಕ್ತ ಹೀರುವ ಇಂಬಳಗಳಿಗೇನೂ ಬರವಿಲ್ಲ. ಆದರೆ ಇಷ್ಟು ದೊಡ್ಡದನ್ನು ಆತ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಸವರಿದ. ಅದು ಮುದುಡಲಿಲ್ಲ. ಹೊಗೆಸೊಪ್ಪು ಉಜ್ಜಿದ. ಊಹೂಂ.

"ನನ್ ರಕ್ತ ಎಷ್ಟ್ ಕುಡ್ದೈತೋ, ಗೇಣುದ್ದ ಆಗ್ಬುಟ್ಟೈತೆ ಮಾರಾಯ್ರೇ!" ಎನ್ನುತ್ತಾ ತಲೆ ಹಿಡಿದು ಕೂತೇಬಿಟ್ಟ. ಹೆಂಗಸರು ನೀರು ಕುಡಿಸಿದರು. ನಾನು ಹುಳ ಎತ್ತಿಕೊಂಡು, ಇದು ರಬ್ಬರಿನದು ಕಣಯ್ಯ ಅಂದೆ.

ಮೇಸ್ತ್ರಿ ನನ್ನನ್ನು ದುರುಗುಟ್ಟಿ ನೋಡಿ ಹೇಳಿದ, "ಹುಳ ರಬ್ಬರಿಂದೇ ಇರ್ಬೋದು, ತಲೆ ಸುತ್ತಿದ್ದು ನಿಜಾನೇ. ಅರ್ಧ ದಿನ ರಜಾ ಬರ್ಕಳಿ."

ಊಟಕ್ಕೆ ಕರೆದದ್ದು

ಕೊಕ್ಕೆಗೆ ಹುಳ ಪೋಣಿಸುವುದು ಹೇಗೆಂದು ಪ್ಯಾಕೆಟ್ಟಿನ ಹಿಂದೆ ಚಿತ್ರ ಇತ್ತು. ಮೊನೆಯನ್ನು ಹುಳದ ತಲೆಗೆ ಚುಚ್ಚಿ, ಸ್ವಲ್ಪ ಕೆಳಗೆ ಹೊರಗೆ ತೆಗೆದು, ಕೊಕ್ಕೆ ತಿರುಗಿಸಿ, ಮೊನೆಯನ್ನು ಮತ್ತೆ ಹುಳದ ಮೈಯೊಳಗೇ ಹುದುಗಿಸಬೇಕು. ಹಾಗೆ ಮಾಡಿದರೆ ನೀರಿನ ಕಸಕ್ಕೆ ಸಿಕ್ಕಿಕೊಳ್ಳುವುದಿಲ್ಲವಂತೆ.

ಹಳೇ ಸಿಟ್ಟಿದ್ದರೂ ಮೇಸ್ತ್ರಿ ಕೆರೆ ಏರಿಯ ಮೇಲೆ ಬಂದು ಕೂತಿದ್ದ. "ಮೊನೇನೇ ಬಚ್ಚಿಟ್ರೆ ಮೀನಿನ ಬಾಯಿಗೆ ಚುಚ್ಚಾದೇನು? ಇದು ಹಿಡಿಯಾಕಲ್ಲ ರೈಟ್ರೇ, ಬರೀ ಊಟಕ್ಕೆ ಕರ್ದಂಗೆ" ಅಂದ.

ಮಾತು ಸರಿ ಅನ್ನಿಸಿತು. ಚಿತ್ರ ಬರೆದವನಿಗಿಂತ ನಾವೇನು ಕಮ್ಮಿ? ಮೊನೆ ಹೊರಗೇ ಬಿಟ್ಟು, ಕಾಫಿ ಮೂಟೆ ಹೊಲಿಯುವ ಗೋಣಿದಾರದಿಂದ ಹುಳವನ್ನು ಕೊಕ್ಕೆಗೆ ಕಟ್ಟಿ ಎಸೆದೆ. ದಾರ ಒಮ್ಮೆ ಜೋರಾಗಿ ಜಗ್ಗಿತು. ಎಳೆದರೆ ಬರೀ ಕೊಕ್ಕೆ. ಹುಳವೂ ಇಲ್ಲ, ಗೋಣಿದಾರವೂ ಇಲ್ಲ.

ಮೇಸ್ತ್ರಿ ಎದ್ದು ಪಂಚೆ ಕೊಡವಿಕೊಂಡ. "ಊಟ ಆಯ್ತು. ಎಲೆ ಎತ್ತಣ್ವಾ?"

ದಿನಕ್ಕೊಂದು

ವಾರದೊಳಗೆ ಹಡಗಿನವರು ಮಂಗಳೂರಿನಿಂದ ಬಂಗಲೆಗೆ ಫೋನ್ ಮಾಡಿದರು. ಸಾಹುಕಾರರು ರಿಸೀವರ್ ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತರು.

"ಹುಳ ಹೇಗಿದೆ ರೈಟ್ರೇ?"

ಪ್ರೀತಿಯಿಂದ ಕೊಟ್ಟ ವಸ್ತು. ಕೊಟ್ಟವರ ಮನಸ್ಸು ನೋಯಿಸಬಾರದಲ್ಲ? "ಭಾರೀ ಚೆನ್ನಾಗೈತೆ ಸರ್. ದಿನಕ್ಕೊಂದು ಕೊರವ ಮೀನು!" ಅಂದುಬಿಟ್ಟೆ.

ಅವರು ಅದೇ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಹೌದಾ? ಹಾಗಾದ್ರೆ ಶನಿವಾರ ಬರ್ತೀನಿ. ಭಾನುವಾರ ನೀವು ಹಿಡಿದ ಮೀನಿನದೇ ಊಟ" ಅಂದರು.

ನಮ್ಮ ಸಾಹುಕಾರರು ಏನು ಬೇಕಾದರೂ ಸಹಿಸುತ್ತಾರೆ, ಸುಳ್ಳೊಂದನ್ನು ಬಿಟ್ಟು. ಮೀನಿನ ವಿಷಯದಲ್ಲಿ ಸುಳ್ಳು ಹೇಳಿದವನು ಬರೆದ ಹಾಜರಿಯನ್ನು ಯಾರು ನಂಬುತ್ತಾರೆ? ಕೆಲಸಕ್ಕೇ ಸಂಚಕಾರ. ಹೆಂಡತಿಯ ಮುಂದೆ ಗೋಳಾಡಿದೆ.

"ದಿನ ಬುಟ್ಟು ದಿನ ಅಂದಿದ್ರೆ ಸುಳ್ಳು ಅರ್ಧಕ್ಕಾದ್ರೂ ಇಳೀತಿತ್ತು" ಅಂದಳು.

ತಿಪ್ಪೆಯ ಹತ್ತಿರ

ಭಾನುವಾರ ಬೆಳಕು ಹರಿಯುವಾಗಲೇ ಗುದ್ದಲಿ, ತೆಂಗಿನ ಚಿಪ್ಪು ಹಿಡಿದು ಕೊಟ್ಟಿಗೆಯ ಹಿಂದಿನ ತಿಪ್ಪೆಗೆ ಕಳ್ಳಹೆಜ್ಜೆಯಲ್ಲಿ ಹೋದೆ. ಗುಟ್ಟಾಗಿ ಎರೆಹುಳ ಹಾಕಿಯೇ ಮೀನು ಹಿಡಿಯುವುದು ನನ್ನ ಯೋಜನೆ. ಆದರೆ ಅಲ್ಲಿ ಆಗಲೇ ಯಾರೋ ಕುಕ್ಕರುಗಾಲಲ್ಲಿ ಕೂತು ಕೆದಕುತ್ತಿದ್ದರು. ಮೊಣಕೈವರೆಗೂ ಗೊಬ್ಬರ, ಪಕ್ಕದಲ್ಲಿ ಬಿಸ್ಕತ್ ಡಬ್ಬಿ. ಹಡಗಿನವರು!

"ಸರ್, ನೀವು?"

ಅವರು ಡಬ್ಬಿ ಬಚ್ಚಿಡಲು ನೋಡಿ, ಆಮೇಲೆ ಸೋತು ಹೇಳಿದರು: "ಏನ್ ಹೇಳ್ಲಿ ರೈಟ್ರೇ, ನಾಲ್ಕು ವರ್ಷದಿಂದ ಆ ರಬ್ಬರ್ ಹುಳ ಹಾಕ್ತಾ ಇದ್ದೀನಿ, ಒಂದು ಮೀನೂ ಸಿಕ್ಕಿಲ್ಲ. ನೀವು ದಿನಕ್ಕೊಂದು ಅಂದಾಗಿಂದ ನನಗೆ ನಿದ್ದೆ ಬಂದಿಲ್ಲ!"

ನಾನೂ ನಿಜ ಒಪ್ಪಿಕೊಂಡೆ. ಇಬ್ಬರೂ ತಿಪ್ಪೆಯ ಮೇಲೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದೇ ಕೆರೆಗೆ ಹೋಗಿ ಗಾಳ ಹಾಕಿದರೆ ಎರೆಹುಳಕ್ಕೆ ತೋಳುದ್ದದ ಕೊರವ ಸಿಕ್ಕಿತು. ಬಂಗಲೆಯ ಅಡುಗೆಮನೆಗೆ ಕೊಟ್ಟೆವು. ಅವತ್ತು ನನ್ನ ಹೆಂಡತಿಯೂ ಅಲ್ಲಿ ಕೈಜೋಡಿಸಲು ಬಂದಿದ್ದಳು.

ಜಗಲಿಯಲ್ಲಿ ಸಾಹುಕಾರರು ಇಬ್ಬರನ್ನೂ ನಿಲ್ಲಿಸಿಕೊಂಡರು. "ನಿಜ ಹೇಳಿ. ಬೆಳಿಗ್ಗೆ ಇಬ್ರೂ ತಿಪ್ಪೆ ಕೆರೀತಿದ್ರಿ ಅಂತ ಮೇಸ್ತ್ರಿ ಹೇಳ್ದ. ಈ ಮೀನು ಯಾವ ಹುಳಕ್ಕೆ ಬಿತ್ತು?"

ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಗೇಣುದ್ದದ ನೇರಳೆ ಹುಳ, ಅದರ ಸೊಂಟಕ್ಕೆ ನನ್ನದೇ ಗೋಣಿದಾರ.

"ಮೀನಿನ ಹೊಟ್ಟೇಲಿ ಸಿಕ್ತು" ಅಂದಳು. ಸಾಹುಕಾರರು ಹುಳ ನೋಡಿದರು, ನಮ್ಮನ್ನು ನೋಡಿದರು, "ಹಂಗಾದ್ರೆ ರಬ್ಬರ್ ಹುಳಾನೇ ಅನ್ನಿ!" ಎಂದು ಬಾಯಿ ತುಂಬ ನಕ್ಕರು. ನನ್ನ ಕೆಲಸ ಉಳಿಯಿತು.

ಹೆಂಡತಿ ಮಾತ್ರ ಅಲ್ಲೇ ನಿಂತಿದ್ದಳು. "ಅದಿರ್ಲಿ, ನಾನ್ ಕೇಳಕ್ ಬಂದಿದ್ದು ಬೇರೆ. ಸಾರಿಗೆ ಇನ್ನೂ ಬೆಳ್ಳುಳ್ಳಿ ಹಾಕ್ಬೇಕಾ, ಇಷ್ಟೇ ಸಾಕಾ?"