ಡ್ರೈಸೂಟಿನೊಳಗಿನ ಒದ್ದೆ ಸತ್ಯ

ಡಯಾಪರ್ ತೊಡುವುದಿಲ್ಲ ಎಂದು ನಾನು ಘೋಷಿಸಿದ್ದು ಶುಕ್ರವಾರದ ಊಟದ ಮೇಜಿನಲ್ಲಿ, ಆಲೂಗಡ್ಡೆ ಚುಚ್ಚಿದ ಫೋರ್ಕನ್ನು ರಾಜದಂಡದಂತೆ ಎತ್ತಿ ಹಿಡಿದು!

"ಹಾಕೊನ್, ನಮ್ಮ ಡೈವಿಂಗ್ ಕ್ಲಬ್ಬಲ್ಲಿ ಎಲ್ರೂ ಹಾಕ್ಕೋತಾರೆ," ಎಂದಳು ಹೆಂಡತಿ ಸಿಗ್ರಿಡ್. "ಒಂದು ಹನಿ ನೀರೂ ಒಳಗೆ ಬಿಡದ ಡ್ರೈಸೂಟಿನೊಳಗೆ ಹೊಕ್ಕ ಮೇಲೆ ನೀರಲ್ಲಿ ಜಿಪ್ಪು ಬಿಚ್ಚೋ ಹಾಗಿಲ್ಲ. ಇಲ್ಲಾಂದ್ರೆ ಆ ಕೊಳವೆನಾದ್ರೂ ಹಾಕಿಸ್ಕೋ."

ಆ ಕೊಳವೆಯ ಒಂದು ತುದಿ ಸೂಟಿನ ತೊಡೆಯಿಂದ ಸಮುದ್ರಕ್ಕೆ ತೆರೆಯುತ್ತದೆ. ಇನ್ನೊಂದು ತುದಿಯನ್ನು ಅಂಟು ಹಚ್ಚಿ ಎಲ್ಲಿ ಕೂರಿಸಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಕೀಳುವಾಗಿನ ನೋವನ್ನೂ!

"ಎರಡೂ ಬೇಡ. ನಾಳೆ ನಾನು ನೀರೇ ಕುಡಿಯೋದಿಲ್ಲ. ನಲ್ಲಿನೇ ಬಂದ್ ಆದ್ರೆ ಮೋರಿ ಎಲ್ಲಿಂದ ಹರಿಯುತ್ತೆ?"

"ಮೈಯಲ್ಲಿ ನೀರು ಕಮ್ಮಿ ಆದ್ರೆ, ಮೇಲೆ ಬರುವಾಗ ರಕ್ತದಲ್ಲಿ ಗುಳ್ಳೆ ಏಳೋ ಅಪಾಯ ಜಾಸ್ತಿ ಕಣೋ. ಹುಚ್ಚಾಟ ಆಡ್ಬೇಡ!"

"ನನ್ನ ಮೂತ್ರಕೋಶಕ್ಕೆ ಶಿಸ್ತು ಗೊತ್ತು!"

ಮರುದಿನ ಬೆಳಿಗ್ಗೆ ಹನಿ ನೀರು ಮುಟ್ಟಲಿಲ್ಲ. ಕಾಫಿ ಕುಡಿದೆ. ಕಾಫಿ ನೀರಲ್ಲವಲ್ಲ!

ಕ್ಲಬ್ಬಿನ ಗೆಳೆಯ ಗುಡ್ಮುಂಡನ ದೋಣಿಯಿಂದ ನಾವಿಬ್ಬರೂ ಫ್ಯೋರ್ಡಿಗೆ, ಬೆಟ್ಟಗಳ ನಡುವೆ ಚಾಚಿದ ಕಡಲತೋಳಿಗೆ, ಧುಮುಕಿದೆವು. ಕೆಳಗೆ ಮುಳುಗಿದ ಹಳೆಯ ಸರಕು ಹಡಗು, ಸುತ್ತ ಹಸಿರುಗತ್ತಲೆ. ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು: ಚಳಿ ಕೈಕಾಲಿನ ರಕ್ತವನ್ನು ಒಳಕ್ಕೆ ಅಟ್ಟಿದರೆ ಮೂತ್ರಪಿಂಡಗಳು ಓವರ್‌ಟೈಮ್ ದುಡಿಯುತ್ತವೆ. ಹಡಗಿನ ಚುಕ್ಕಾಣಿ ಕಾಣುವ ಹೊತ್ತಿಗೆ ನನ್ನ ಶಿಸ್ತಿನ ಸಿಪಾಯಿ ಬಾಗಿಲು ಬಡಿಯತೊಡಗಿದ್ದ!

ತಡೆದೆ. ತೊಡೆ ಬಿಗಿದೆ. ಬಿಗಿದ ಕಾಲಿನ ಮೀನಖಂಡ ಹಿಡಿದುಕೊಂಡಿತು. ಬಾಯಿಯೋ ಮರಳು. ಉಸಿರು ಏರಿತು, ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಇಳಿಯಿತು. ಮೇಲಕ್ಕೆ ಹಾರಿಬಿಡೋಣ ಎನ್ನಿಸಿತು. ಹಾರಿದರೆ ಗುಳ್ಳೆ, ಉಳಿದರೆ ಪ್ರಳಯ! ನಾನು ಒದ್ದಾಡುವುದನ್ನು ಕಂಡ ಸಿಗ್ರಿಡ್ ನನ್ನ ಎದೆಪಟ್ಟಿ ಹಿಡಿದು, ಕಣ್ಣಿಗೆ ಕಣ್ಣಿಟ್ಟು, ಅಂಗೈಯಿಂದ 'ನಿಧಾನ, ನಿಧಾನ' ಎಂದಳು. ಸತ್ತರೂ ಬದುಕಿದರೂ ಈ ಕೈಯೊಂದೇ ನನಗೆ ಗೊತ್ತಿರುವ ದಡ ಎನ್ನಿಸಿತು.

ಮೇಲೇರುವ ದಾರಿಯಲ್ಲಿ, ಗುಳ್ಳೆ ಏಳದಿರಲೆಂದು ಹಗ್ಗ ಹಿಡಿದು ಕಾಯಲೇಬೇಕಾದ ಜಾಗ ಬಂತು. ಅಲ್ಲಿ ನನ್ನ ಅಣೆಕಟ್ಟು ಒಡೆಯಿತು. ಕ್ಷಣಕಾಲ ಬೆಚ್ಚನೆಯ ಸ್ವರ್ಗ! ಮರುಕ್ಷಣ ಕಾಲಿನುದ್ದಕ್ಕೂ ಮಂಜುಗಡ್ಡೆ.

ದೋಣಿ ಹತ್ತಿದಾಗ ಎರಡೂ ಕಾಲು ಜೋಮು. ಚಿವುಟಿದರೆ ಬೇರೆ ಯಾರನ್ನೋ ಚಿವುಟಿದ ಹಾಗೆ!

"ಬೆರಳು ಅಲ್ಲಾಡ್ಸು," ಎಂದಳು ಸಿಗ್ರಿಡ್. ಅಲ್ಲಾಡಿತೋ ಇಲ್ಲವೋ, ನನಗೇ ತಿಳಿಯಲಿಲ್ಲ. ಗುಳ್ಳೆಯೇ ಎದ್ದಿರಬೇಕೆಂದು ಅವಳ ಮುಖ ಬಿಳಿಚಿತು. ಗುಡ್ಮುಂಡ್ ಆಕ್ಸಿಜನ್ ಮುಖವಾಡ ಬಿಗಿದು ರೇಡಿಯೊಗೆ ಓಡಿದ.

"ಮೊದಲು ಸೂಟು ಬಿಚ್ಚೋಣ," ಎಂದಳು ಅವಳು.

"ಬೇಡ!" ಎಂದು ಕಿರುಚಿದೆ.

"ಅಯ್ಯೋ, ಬಡಬಡಿಸ್ತಿದ್ದಾನೆ!" ಅವಳು ಅಳುವುದನ್ನು ಮದುವೆಯಾದ ಮೇಲೆ ಮೊದಲ ಸಲ ಕಂಡೆ. ಇನ್ನು ಗಾಲಿಕುರ್ಚಿಯೇ ಗತಿ ಎಂದುಕೊಂಡು ನನಗೂ ಅಳು ಬಂತು.

ರೇಡಿಯೊದಲ್ಲಿ ಡಾಕ್ಟರಮ್ಮನ ದನಿ ಗಟ್ಟಿಯಾಗಿ ಕೇಳಿಸಿತು. "ಎರಡೂ ಕಾಲು ಜೋಮು ಅಂದ್ರೆ ಬೆನ್ನುಹುರಿಗೆ ಪೆಟ್ಟಾಗಿರಬಹುದು. ಮುಖ್ಯವಾದ ಪ್ರಶ್ನೆ ಕೇಳ್ತೀನಿ. ಅವರಿಗೆ ಮೂತ್ರ ಹೋಗ್ತಿದೆಯಾ?"

ಗುಡ್ಮುಂಡ್ ನನ್ನನ್ನು ನೋಡಿದ. ಸಿಗ್ರಿಡ್ ನೋಡಿದಳು. ಕಡಲಹಕ್ಕಿಯೂ ನೋಡಿತು!

"ನಾಚ್ಕೊಳ್ಳೋ ಹೊತ್ತಲ್ಲ, ಹೇಳಿ!" ಎಂದಿತು ರೇಡಿಯೊ.

"ಹೋಗುತ್ತೆ ಡಾಕ್ಟ್ರೇ."

"ಕೊನೇ ಸಲ ಯಾವಾಗ?"

"ಈಗ ತಾನೇ... ಸೂಟಿನೊಳಗೆ."

"ಎಷ್ಟು?"

"ಬೂಟು ತುಂಬಾ!"

"ಬಹಳ ಒಳ್ಳೇದು!" ಎಂದು ಆಕೆ ಕೂಗಿದಳು. "ಬೆನ್ನುಹುರಿಗೆ ಪೆಟ್ಟಾಗಿದ್ರೆ ಮೂತ್ರ ಕಟ್ಟಿಹೋಗ್ತಿತ್ತು. ಜೋಮು ಒದ್ದೆಗೆ, ಚಳಿಗೆ ಇರಬೇಕು. ಆದ್ರೂ ಆಕ್ಸಿಜನ್ ತೆಗೀಬೇಡಿ. ಸೀದಾ ಆಸ್ಪತ್ರೆಗೆ ಬನ್ನಿ."

ಸಿಗ್ರಿಡ್ ನನ್ನ ತಲೆಯನ್ನು ಎದೆಗೊತ್ತಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಬಾಯಿ ಬಿಟ್ಟು ಹೇಳೋದಕ್ಕೇನಾಗಿತ್ತೋ, ಕತ್ತೆ! ಪುಣ್ಯಕ್ಕೆ ನಾವು ಮೂರೇ ಜನ ಇರೋದು. ಯಾರಿಗೂ ಹೇಳಲ್ಲ ಬಿಡು."

ಅಷ್ಟರಲ್ಲಿ ರೇಡಿಯೊ ಗರಗರ ಎಂದಿತು. ಯಾವುದೋ ಮೀನುದೋಣಿಯ ಮುದುಕನ ಒಡಕು ದನಿ: "ತಮ್ಮಾ, ಈ ಚಾನೆಲ್ಲು ಎಲ್ಲಾ ದೋಣಿಗೂ ಕೇಳುತ್ತೆ. ನಾವಿಲ್ಲಿ ಬಲೆ ಎಳೆಯೋದು ಬಿಟ್ಟು ಉಸಿರು ಬಿಗಿಹಿಡಿದು ಕೇಳ್ತಿದ್ವಿ. ನೀನು ಉಚ್ಚೆ ಹೊಯ್ದಿದ್ದು ನಮಗೆಲ್ಲ ಬಹಳ ಸಂತೋಷ ಆಯ್ತಪ್ಪಾ!"

ಆಮೇಲೆ ಫ್ಯೋರ್ಡಿನ ಉದ್ದಕ್ಕೂ, ಒಂದೊಂದಾಗಿ, ದೋಣಿಗಳ ಹಾರ್ನ್‌ಗಳು ಮೊಳಗಿದವು.