ಒಂದು ಸರ್ವಿಂಗಿಗೆ ಎರಡು ಬಿಸ್ಕತ್ತು

ಕೆಲವರಿಗೆ ಹೆದರುವುದಕ್ಕೆ ಕಾರಣ ಬೇಕಾಗುತ್ತದೆ. ನನಗೆ ಸಣ್ಣ ಅಕ್ಷರ ಕಂಡರೆ ಸಾಕು. ಕುಂದಾಪುರದ ವಿಮಾ ಕಚೇರಿಯೊಂದರಲ್ಲಿ ಕುಳಿತು ಪಾಲಿಸಿಗಳ ಹಿಂಬದಿಯ ಷರತ್ತುಗಳನ್ನು ಓದಿ ಓದಿ, ಲೋಕದ ಅಪಾಯವೆಲ್ಲ ಕಾಗದದ ಹಿಂಭಾಗದಲ್ಲೇ ಅಡಗಿರುತ್ತದೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿಬಿಟ್ಟಿದೆ. ಮಾತ್ರೆ ಕೊಂಡರೆ ಮೊದಲು ಅಡ್ಡಪರಿಣಾಮಗಳನ್ನು ಓದುತ್ತೇನೆ. ಓದಿ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಅರ್ಧದಷ್ಟು ನನಗೆ ಬಂದೇ ಬಿಟ್ಟಿರುತ್ತವೆ, ಮಾತ್ರೆ ಇನ್ನೂ ಕೈಯಲ್ಲೇ ಇರುತ್ತದೆ.

ಇಂಥವನ ಅಮ್ಮನಿಗೆ ಶುಗರ್ ಬಂತು. ಬ್ರಹ್ಮಾವರದ ಡಾಕ್ಟರು ಬಹಳ ಸಮಾಧಾನದಿಂದಲೇ ಹೇಳಿದರು: "ಬಾಯಿ ಕಟ್ಟಿ ನೋಡಿ. ಮುಂದಿನ ಸಲಕ್ಕೆ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡುವ. ಮನೆಯಲ್ಲಿ ನೀವೇ ಚುಚ್ಚಬಹುದು, ಕಷ್ಟ ಇಲ್ಲ." ಅಮ್ಮ ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಸೂಜಿ ನೋಡಿದರೆ ಕಣ್ಣು ಕತ್ತಲೆ ಬರುವ ನಾನು ದಿನಾ ಬೆಳಿಗ್ಗೆ ಹೆತ್ತ ತಾಯಿಯನ್ನು ಚುಚ್ಚುವುದೆಂದರೇನು? ಶುಗರ್ ಇಳಿಯಲೇಬೇಕಿತ್ತು. ಅಮ್ಮನಿಗಾಗಿ ಹೌದು, ನನಗಾಗಿ ಇನ್ನೂ ಹೌದು.

ಹಾಗಾಗಿ ಸಕ್ಕರೆ ಹಾಕದ ಓಟ್ಸ್ ಬಿಸ್ಕತ್ತು ತಂದು, ಕಿರಿಮಂಜೇಶ್ವರಕ್ಕೆ ಬರುವ ಬಸ್ಸಿನಲ್ಲೇ ಪ್ಯಾಕೆಟ್ ತಿರುಗಿಸಿದೆ. ಹಿಂದೆ ಒಂದು ಪಟ್ಟಿ. ಎಡಕ್ಕೆ ನೂರು ಗ್ರಾಮಿನ ಲೆಕ್ಕ. ಆದರೆ ಪ್ಯಾಕೆಟ್ಟೇ ಎಪ್ಪತ್ತೈದು ಗ್ರಾಮು. ಇದ್ದದ್ದನ್ನೆಲ್ಲ ತಿಂದು ಇನ್ನೊಂದು ಪ್ಯಾಕೆಟ್ಟಿಗೂ ಕೈ ಹಾಕಿದವನಿಗೆ ಮಾತ್ರ ಆ ಲೆಕ್ಕ ಅನ್ವಯಿಸುತ್ತದೆ. ಬಲಕ್ಕೆ ಒಂದು ಸರ್ವಿಂಗಿನ ಲೆಕ್ಕ, ಸರ್ವಿಂಗ್ ಎಂದರೆ ಎರಡು ಬಿಸ್ಕತ್ತು. ಅದರ ಪಕ್ಕದಲ್ಲಿ ಶೇಕಡಾವಾರು. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಬೇಕಾದವರಿಗೆ ಇದು ಇಷ್ಟು ಪಾಲು ಎಂದು. ಆ ಎರಡು ಸಾವಿರದವರು ಯಾರು? ಕೋಡಿಯಲ್ಲಿ ಬಲೆ ಎಳೆಯುವವರೋ, ನನ್ನ ಹಾಗೆ ಕುರ್ಚಿ ಬಿಸಿ ಮಾಡುವವರೋ? ಬಸ್ಸು ಮರವಂತೆ ದಾಟುವಾಗ ಎಲ್ಲರೂ ಕಡಲು ನೋಡುತ್ತಿದ್ದರೆ ನಾನು ಶರ್ಕರಪಿಷ್ಟದಲ್ಲಿ ಮುಳುಗಿದ್ದೆ. ಕೊನೆಗೆ ತೀರ್ಮಾನಿಸಿದೆ. ಅಮ್ಮನಿಗೆ ದಿನಕ್ಕೆ ಒಂದೇ ಸರ್ವಿಂಗ್. ಒಂದು ಪ್ಯಾಕೆಟ್ಟು ವಾರದ ತನಕ ಬರಬೇಕು.

ಪ್ಯಾಕೆಟ್ಟು ಮರುದಿನ ಸಂಜೆಗೇ ಮುಗಿಯಿತು. ಹೆಂಡತಿ ಸುಜಾತಳನ್ನು ಕೇಳಿದೆ. "ಅದನ್ನು ತಿನ್ನುವಷ್ಟು ಬಾಯಿ ಕೆಟ್ಟಿಲ್ಲ ನಂಗೆ" ಎಂದಳು. ಇನ್ನೊಂದು ಪ್ಯಾಕೆಟ್ಟು ತಂದಿಟ್ಟು, ಭಾನುವಾರ ಜಗಲಿಯಲ್ಲಿ ಪೇಪರು ಹಿಡಿದು ಕಾವಲು ಕುಳಿತ ಮೇಲೆ ಸಂಗತಿ ಬಯಲಾಯಿತು.

ಮೀನಿನ ಬುಟ್ಟಿ ಹೊತ್ತು ಗಿರಿಜಕ್ಕ ಬಂದಳು. ಅಮ್ಮ ಒಳಗಿನಿಂದಲೇ, "ಹ್ವಾಯ್ ಗಿರ್ಜಾ, ಎಂತ ಮೀನ್ ಇತ್ತ್? ಕೂಕೋ, ಆಸ್ರಿ ಕುಡ್ಕಂಡ್ ಹೋಗ್" ಎಂದು ಚಹಾ, ತಟ್ಟೆಯಲ್ಲಿ ಬಿಸ್ಕತ್ತು ತಂದಳು. ಗಿರಿಜಕ್ಕ ಒಂದು ತೆಗೆದುಕೊಂಡಳು. ಜತೆಗೆ ಅಮ್ಮನೂ ಒಂದು ತೆಗೆದುಕೊಂಡಳು. ಆಮೇಲೆ ಕಾಯಿ ಕೀಳುವವರು ಬಂದರು, ಅಮ್ಮ ಅವರ ಜತೆಗೂ ಒಂದು. ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು, ಮತ್ತೊಂದು.

"ಅಮ್ಮ, ಎಷ್ಟಾಯ್ತು ಗೊತ್ತುಂಟಾ?" ಎಂದೆ.

"ನಾನ್ ಎಲ್ ತಿಂದೆ ಮಗಾ? ಬಂದರ್ ಒಟ್ಟಿಗೆ ಒಂದ್ ಹಿಡ್ಕಂಡ್ ಕೂಕಂಡದ್ ಅಷ್ಟೆ. ಅವ್ರ್ ತಿಂಬತಿಗೆ ನಾನ್ ಅವ್ರ್ ಬಾಯಿ ಕಾಂತಾ ಕೂಕಂಬುದಾ?"

ನನ್ನ ಲೆಕ್ಕ ತಪ್ಪಿದ್ದು ಇಲ್ಲಿ. ಆ ಪಟ್ಟಿ ಬರೆದವರ ಮನಸ್ಸಿನಲ್ಲಿದ್ದದ್ದು ಬಾಗಿಲು ಹಾಕಿಕೊಂಡು ಒಬ್ಬರೇ ಎರಡು ಬಿಸ್ಕತ್ತು ತಿಂದು ಏಳುವ ಮನುಷ್ಯ. ಅಂಥವನನ್ನು ನಮ್ಮ ಕಡೆ ಜನ ಆರೋಗ್ಯವಂತ ಎನ್ನುವುದಿಲ್ಲ, ಬೇರೆ ಏನೋ ಅನ್ನುತ್ತಾರೆ. ಬಂದವರಿಗೆ ಕೊಟ್ಟು ತಾನು ಸುಮ್ಮನೆ ಕುಳಿತರೆ ಬೇಗ ತಿಂದು ಹೊರಡಿ ಎಂದ ಹಾಗಾಗುತ್ತದೆ ಎಂಬುದು ಅಮ್ಮನ ಕಾಯಿದೆ.

ಆದರೂ ಸೂಜಿ ಕಣ್ಣ ಮುಂದಿತ್ತು. ನಾನೂ ಒಂದು ಕಾಯಿದೆ ಮಾಡಿದೆ. ಬಂದವರಿಗೆ ಎಷ್ಟಾದರೂ ಕೊಡು, ನೀನು ಮಾತ್ರ ಮುಟ್ಟಬೇಡ. ಅಮ್ಮ ವಾದ ಮಾಡಲಿಲ್ಲ. ಬಿಸ್ಕತ್ತು ಹಾಗೇ ಉಳಿಯತೊಡಗಿತು. ನನ್ನ ಆಡಳಿತದ ಬಗ್ಗೆ ನನಗೇ ಹೆಮ್ಮೆಯಾಗುತ್ತಿದ್ದಾಗ, ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವನನ್ನು ಗಿರಿಜಕ್ಕ ಬೇಲಿಯ ದಣಪೆಯ ಹತ್ತಿರ ನಿಲ್ಲಿಸಿದಳು.

"ಅಮ್ಮ ಈಗ ಆಸ್ರಿಗೆ ಕರೂದೇ ಇಲ್ಲ. ಮೀನ್ ತಕಂಡ್ ಒಳ್ಗ್ ಹೋಪುದೇ. ನಾನ್ ಎಂತಾರೂ ಹೆಚ್ಚಿಗೆ ಮಾತಾಡಿದ್ನಾ ಅಣ್ಣ?"

ಆ ಬಸ್ಸು ತಪ್ಪಿತು. ಒಳಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಬಂಗುಡೆ ಸರಿಮಾಡುತ್ತಿದ್ದಳು. ಯಾಕೆ ಕರೆಯುವುದಿಲ್ಲ ಎಂದು ಕೇಳಿದೆ.

"ಕರದ್ರೆ ಒಟ್ಟಿಗೆ ತಿನ್ಕ್. ತಿಂದ್ರೆ ನಿಂಗ್ ಹೆದ್ರಿಕೆ. ಅದ್ಕೇ ಕರೂದೇ ಬ್ಯಾಡ ಅಂದ್ಕಂಡೆ" ಎಂದಳು, ಮೀನಿನಿಂದ ತಲೆ ಎತ್ತದೆ. ಬೇಸರ ಮಾಡಿಕೊಂಡವರ ದನಿ ಅದಲ್ಲ. ಮಗನ ಕಾಯಿಲೆಗೆ ಪಥ್ಯ ಮಾಡುತ್ತಿರುವವರ ದನಿ.

ಶುಗರಿಗೆ ಹೆದರಿ ಅಮ್ಮನ ಜಗಲಿಯನ್ನೇ ನಾನು ಖಾಲಿ ಮಾಡಿಸಿದ್ದೆ. ಬಹಳ ಯೋಚಿಸಿ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಒಂದು ಬಸ್ಸು ತಡವಾಗಿ ಹೋಗುವುದು, ಸಂಜೆ ಒಂದು ಬಸ್ಸು ಬೇಗ ಬರುವುದು. ಬಂದವರ ಎದುರು ಅಮ್ಮನ ಬದಲು ನಾನು ಬಿಸ್ಕತ್ತು ಹಿಡಿದು ಕೂರುವುದು. ಅಮ್ಮ ಸಕ್ಕರೆಯಿಲ್ಲದ ಚಹಾದ ಲೋಟ ಹಿಡಿದು ಮಾತಾಡುವುದು. ಈ ಬದಲಿ ವ್ಯವಸ್ಥೆಗೆ ಅಮ್ಮ ಒಪ್ಪಿದಳು. ಮನೆಯಿಂದ ಒಬ್ಬರು ತಿಂದರೆ ಆಯಿತಲ್ಲ. ಜಗಲಿ ಮತ್ತೆ ತುಂಬಿತು. ತಿಂಗಳುಗಟ್ಟಲೆ ನಾನು ಊರಿನವರಿಗೆಲ್ಲ ಜತೆ ಕೊಟ್ಟೆ.

ಮುಂದಿನ ಸಲ ರಿಪೋರ್ಟು ನೋಡಿ ಡಾಕ್ಟರು, "ಚೆನ್ನಾಗಿ ಇಳಿದಿದೆ, ಇನ್ಸುಲಿನ್ ಬೇಡ" ಎಂದರು. ನಾನು ನಿರಾಳವಾಗಿ ಕುರ್ಚಿಗೆ ಒರಗಿದೆ. ಒರಗುವಾಗ ಹೊಟ್ಟೆಯ ಮೇಲೆ ನನ್ನ ಅಂಗಿಯ ಗುಂಡಿಯೊಂದು ಬಿಗಿದದ್ದು ಅವರ ಕಣ್ಣಿಗೆ ಬಿತ್ತು. "ನಿಮ್ಮದೂ ಒಮ್ಮೆ ನೋಡಿಬಿಡುವ" ಎಂದರು. ನೋಡಿದರು. ಮಾತ್ರೆ ಬರೆದರು.

ಮರುದಿನ ಗಿರಿಜಕ್ಕ ಬಂದಾಗ ಅಮ್ಮ ತಟ್ಟೆಯನ್ನು ನನ್ನಿಂದ ದೂರ ಸರಿಸಿ, "ಅವ್ನಿಗ್ ಕೊಡ್ಬೇಡ, ಶುಗರ್ ಇತ್ತ್" ಎಂದಳು, ಊರಿಗೆಲ್ಲ ಕೇಳುವ ಹಾಗೆ. ಗಿರಿಜಕ್ಕನ ಮುಖ ಸಣ್ಣದಾಯಿತು. ತನ್ನ ಬಿಸ್ಕತ್ತನ್ನು ಮುರಿದು ಒಂದು ತುಂಡು ನನ್ನ ಕೈಯಲ್ಲಿಟ್ಟು, "ಪಾಪ, ಅರ್ಧಕ್ಕೆ ಎಂತ ಆತ್ತ್?" ಎಂದಳು.

ನಾನು ಪ್ಯಾಕೆಟ್ಟನ್ನು ತಿರುಗಿಸಿ, ಕನ್ನಡಕ ಏರಿಸಿ ನೋಡಿದೆ. ಅರ್ಧ ಬಿಸ್ಕತ್ತಿನ ಲೆಕ್ಕ ಎಲ್ಲಿಯೂ ಬರೆದಿರಲಿಲ್ಲ. ಬರೆಯದಿರುವುದಕ್ಕೆ ಹೆದರುವ ಅಭ್ಯಾಸ ನನಗಿಲ್ಲ. ತಿಂದುಬಿಟ್ಟೆ.