ಸಿಡಿಲಮರಿಯ ಮನೆ ಬಿಡುಗಡೆ

ಗುರುಪುತ್ರಪ್ಪನ ಸಂಸಾರಕ್ಕೆ ಗ್ರಹಚಾರ ವಕ್ಕರಿಸಿದ್ದು ಅಚ್ಚ ಕನ್ನಡದಿಂದ. ಎಲ್ಲರ ಹಾಗೆ ಕಲಬೆರಕೆ ಮಾತಾಡಿಕೊಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ವಾರವಿಡೀ ಬೆಳಗಾವಿಯ ಆಟೋ ನಗರದಲ್ಲಿ ಜಜ್ಜಿಹೋದ ಲಾರಿಗಳ ತಗಡು ಬಡಿದು ಸಪಾಟು ಮಾಡುವುದು ಅವನ ಕಸುಬು. ಭಾನುವಾರ ಮಾತ್ರ ಅವನು ವಿಮರ್ಶಕ. ಅದೂ ಕಾರ್ಟೂನು ವಿಮರ್ಶಕ. ಅವನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ 'ಸಿಡಿಲಮರಿ' ಎಂಬ ಕಾರ್ಟೂನು ಬಂದಿತ್ತು. ಹಳದಿ ಶಲ್ಯ ಹೊದ್ದು ಆಕಾಶದಲ್ಲಿ ಹಾರುವ, ಹುಬ್ಬು ಹಾರಿಸಿದರೆ ಮಿಂಚು ಹೊಡೆಯುವ ಒಬ್ಬ ಹುಡುಗ. ಊರಿಗೆಲ್ಲ ಕತ್ತಲು ಕವಿಸಲು ಹೊರಟ ಕತ್ತಲರಾಯ ಎಂಬ ಖಳ. ತಲೆಯಲ್ಲಿ ಬಿಳಿಕೂದಲು ಇಣುಕಿದರೂ ಗುರುಪುತ್ರಪ್ಪನಿಗೆ ಅದರ ಹುಚ್ಚು ಬಿಟ್ಟಿರಲಿಲ್ಲ. ಮನೆಯಲ್ಲಿ ಕೂತು ನೋಡಲೆಂದು ಆ ಕಾರ್ಟೂನು ಮೂರು ಸಲ ಪೇಟೆಗೆ ಬಂದಿತ್ತು: ಮೊದಲು ಸಿಡಿ, ಆಮೇಲೆ ಡಿವಿಡಿ, ಈಗ ಬ್ಲೂರೇ. ಮೂರೂ ಅವನ ಕಪಾಟಿನಲ್ಲಿದ್ದವು. ಯಾವುದು ಮೇಲು, ಯಾವುದು ಕೀಳು ಎಂದು ಮೊಬೈಲಿನ ಮುಂದೆ ಅಭಿಪ್ರಾಯ ಹೇಳಿ ತನ್ನ ಚಾನೆಲ್ಲಿಗೆ ಹಾಕುವುದು ಅವನ ಭಾನುವಾರದ ಪೂಜೆ. ಕೇಳುವವರು ಒಂದು ಟೆಂಪೋದಲ್ಲಿ ಹಿಡಿಸುವಷ್ಟು ಮಂದಿ.

ಅವರಲ್ಲೊಬ್ಬ ಹೋದ ವಾರ ಬರೆದಿದ್ದ: "ಹೆಸರಿಗೆ ಕನ್ನಡ ಚಾನೆಲ್ಲು, ಬಾಯಿ ತುಂಬ ಇಂಗ್ಲಿಷು. ರಿಲೀಸು ರಿಲೀಸು ಅಂತೀಯಲ್ಲ, ನಿಮ್ಮಪ್ಪ ಲಂಡನ್ನದಾಗ ಹುಟ್ಟಿದ್ನೇನು?"

ಮಾತು ತಾಗಿತು. ಈ ಸಲ ಒಂದೂ ಇಂಗ್ಲಿಷ್ ಶಬ್ದ ಆಡಬಾರದೆಂದು ಗುರುಪುತ್ರಪ್ಪ ಪಣ ತೊಟ್ಟ. 'ಹೋಮ್ ವಿಡಿಯೋ ರಿಲೀಸ್' ಎನ್ನುವುದು 'ಮನಿ ಬಿಡುಗಡಿ' ಆಯಿತು. ಕನ್ನಡವೇನೋ ಸೊಗಸಾಗಿತ್ತು. ಆದರೆ ನಮ್ಮ ಕಡೆ ಬಿಡುಗಡೆ ಅಂದರೆ ಎರಡೇ ಥರ: ಒಂದು ಹಿಂಡಲಗಾ ಜೈಲಿನಿಂದ, ಇನ್ನೊಂದು ಕಟ್ಟಿಕೊಂಡವರಿಂದ. ಗುರುಪುತ್ರಪ್ಪ ಜೈಲು ಕಂಡವನಲ್ಲ ಎಂಬುದು ಅವನಿದ್ದ ಸಾಲುಮನೆಗಳ ಇಡೀ ಚಾಳಿಗೆ ಗೊತ್ತಿತ್ತು.

ಸಾಲದ್ದಕ್ಕೆ ಹೆಂಡತಿ ಪದ್ಮಶ್ರೀ ಮುನಿಸಿಕೊಂಡು ಖಾನಾಪುರದ ತವರಿಗೆ ಹೋಗಿ ವಾರವಾಗಿತ್ತು. ಜಗಳ ಹೊಸದಲ್ಲ. ಆಕೆಯ ಅವ್ವ ಅಕ್ಕವ್ವನಿಗೆ ಮಗಳ ಮನೆಯಲ್ಲಿ ನಾಲ್ಕು ದಿನ ಇರಬೇಕೆಂಬ ಆಸೆ; ಅಳಿಯನಿಗೆ ಆಕೆಯ ದನಿ ಅಂದರೆ ಪ್ರಾಣಸಂಕಟ. ಹರೆಯದಲ್ಲಿ ಕಂಪನಿ ನಾಟಕದಲ್ಲಿ ಕಟ್ಟಕಡೆಯ ಸಾಲಿನವರಿಗೂ ಕೇಳುವಂತೆ ಒದರಿ ಪಳಗಿದ ಗಂಟಲದು. ಮೈಕು ಎಂಬುದು ಬಂದಿದೆಯೆಂಬ ಸುದ್ದಿ ಆ ಗಂಟಲಿಗೆ ಇನ್ನೂ ಮುಟ್ಟಿರಲಿಲ್ಲ. ಆಕೆ ಖಾನಾಪುರದಲ್ಲಿ ಮೊಮ್ಮಗನನ್ನು ಕರೆದರೆ ಸಾಂಬ್ರಾದಲ್ಲಿ ವಿಮಾನ ಇಳಿಸುವವನು ಗಾಬರಿಯಾಗಬೇಕು. ಫೋನಿನಲ್ಲಿ "ಅಳಿಯಾಂದ್ರs" ಎಂಬ ಮೊದಲ ಕೂಗು ಬಿದ್ದಕೂಡಲೇ ಗುರುಪುತ್ರಪ್ಪ ಫೋನನ್ನು ಹೆಂಡತಿಯ ಕೈಗೆ ತುರುಕಿ ಬೀದಿಗೆ ಇಳಿಯುತ್ತಿದ್ದ. ಆರು ದಿನ ತಗಡಿನ ಸಪ್ಪಳದಲ್ಲಿ ಬೇಯುವವನಿಗೆ ಮನೆಯಲ್ಲಾದರೂ ಕಿವಿ ತಣ್ಣಗಿರಬೇಡವೇ? "ಬಚ್ಚಲಮನಿ ಟೈಲ್ಸ್ ಕೆಲಸಾ ನಡದೈತಿ, ಮುಗೀಲಿ, ಆಮ್ಯಾಲ ಬರ್ಲಿ" ಎಂದು ಅವನು ಎರಡು ವರ್ಷದಿಂದ ದಿನ ದೂಡಿದ್ದ.

ಆ ಭಾನುವಾರ ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿ ಶುರು ಹಚ್ಚಿಕೊಂಡ.

"ಮೂರೂ ಬಿಡುಗಡಿ ಬಗ್ಗೆ ಇವತ್ತ ಖುಲ್ಲಾ ಹೇಳಿಬಿಡ್ತೀನಿ. ಮೊದಲನೇದು ಮನೀಗೆ ಬಂದು ಭಾಳ ವರ್ಷ ಆತು. ಮಾರಿ ಮಸಕಾಗೇತಿ, ಮೈತುಂಬ ಗೀರು, ನಡುನಡುವ ತಡವರಸ್ತೈತಿ. ಎರಡನೇದು ಬೆಂಗಳೂರಿಂದು. ಮಾರಿ ಫಳಫಳ, ಮಾತು ಮಾತ್ರ ಉಪ್ಪಿಲ್ಲದ ಸಾರು. ಮೂರನೇದು ಹೋದವಾರ ಬಂತು. ಏನ್ ರೂಪ, ಏನ್ ಬಣ್ಣ! ಖರೇ ಹೇಳಬೇಕಂದ್ರ ರಾತ್ರಿಯೆಲ್ಲಾ ಕಣ್ಣ ಮುಚ್ಚಲಿಲ್ಲ ನಾ. ಆದ್ರ ಕನ್ನಡ ಒಂದಕ್ಷರ ಬರೂದಿಲ್ಲ."

ಗೋಡೆಯ ಆಚೆ ಅಕ್ಕಿ ಆರಿಸುತ್ತಿದ್ದ ನೆರೆಮನೆಯ ಕಾಶವ್ವನ ಕೈ ನಿಂತಿತು. ಚಾಳಿನ ಗೋಡೆ, ಈಚೆ ಸೀನಿದರೆ ಆಚೆಯವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು. ಮುಂದಿನದನ್ನು ಕೇಳಲು ಆಕೆಗೆ ಪುರಸೊತ್ತಾದರೂ ಎಲ್ಲಿ? ಮೊರ ಒಗೆದು ಎದುರು ಮನೆಯ ಮಧುಕರನ ಕಡೆ ಓಡಿದಳು. ಮಧುಕರ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡುವವನು. ಹಾಗಾಗಿ ಚಾಳಿನ ಮಟ್ಟಿಗೆ ಅವನೇ ಹೈಕೋರ್ಟು.

"ಮೂರs ಮಂದಿ ಅಂತ್ರಿ! ಒಬ್ಬಾಕಿ ಬೆಂಗಳೂರಾಕಿ. ಇನ್ನೊಬ್ಬಾಕಿಗೆ ಕನ್ನಡ ಬರೂದಿಲ್ಲಂತ. ಪದ್ದಿಗೆ ಬಿಡುಗಡಿ ಕೊಡಾಕತ್ತಾನ!"

"ಅರೇ ಬಾಪರೇ! ಬಿಡುಗಡಿ ಅಂದ್ರ ಸೋಡಚಿಟ್ಟೀನ? ಡೈವೋರ್ಸಾ?" ಎಂದ ಮಧುಕರ. ಚಹಾ ಬಟ್ಟಲು ಹಿಡಿದುಕೊಂಡೇ ಬಂದು ಗುರುಪುತ್ರಪ್ಪನ ಬಾಗಿಲಲ್ಲಿ ನಿಂತ.

"ಬಿಡುಗಡಿ ವಿಚಾರ ಕಿವಿಗೆ ಬಿತ್ತು" ಎಂದ ಗಂಭೀರವಾಗಿ.

ಗುರುಪುತ್ರಪ್ಪನ ಮುಖ ಅರಳಿತು. ಇಷ್ಟು ವರ್ಷಕ್ಕೆ ಚಾಳಿನಲ್ಲೊಬ್ಬ ಕೇಳುಗ! "ಬರ್ರಿ ಸರ, ಕುಂದರ್ರಿ! ನಿಮಗೂ ಇದರ ಹುಚ್ಚ ಐತೇನು?"

"ಛೇ ಛೇ, ನನಗ ಒಂದs ಸಾಕು. ಅಲ್ಲೋ ಮಾರಾಯ, ಮೊದಲನೇದನ್ನ ಏನ್ ಮಾಡಾಂವ ನೀ?"

"ಬಿಡ್ತೀನೇನ್ರಿ? ಮೂರೂ ಇಟ್ಕೋತೀನಿ. ಕಪಾಟಿನಾಗ ಜಾಗಾ ಮಾಡೀನಿ."

"ಕಪಾಟಿನಾಗ!"

"ಧೂಳ ಕೂಡಬಾರದು ನೋಡ್ರಿ. ವಾರಕ್ಕೊಮ್ಮಿ ತಗದು ಮೆತ್ತನ್ನ ಅರಿವೀಲೆ ಒರಸ್ತೀನಿ."

ಮಧುಕರನ ಚಹಾ ಅಡ್ಡದಾರಿ ಹಿಡಿದು ಮೂಗಿಗೆ ಬಂತು. "ಪದ್ಮಶ್ರೀಗೆ ಇದೆಲ್ಲಾ ಗೊತ್ತೈತಿ?"

"ಗೊತ್ತಿಲ್ಲದs ಏನ್ರಿ? ಮೊದಮೊದಲು ಬಾಜೂಕ ಕುಂತು ನೋಡತಿದ್ಲು. ಈಗ ನೀವs ನೋಡ್ರಿ, ನನಗ ಕೆಲಸೈತಿ ಅಂತಾಳ. ಒಮ್ಮೆ ದೋಸ್ತಗ ಎರಡ ದಿನಕ್ಕ ಅಂತ ಕೊಟ್ಟಿದ್ದೆ ಸರ, ಗೀರ ಬೀಳಿಸಿ ತಂದ ಮಗಾ. ಅವತ್ತಿಂದ ಮಂದಿಗೆ ಕೊಡೂದ ಬಂದ್."

ಮಧುಕರ ಅಲ್ಲಿ ನಿಲ್ಲಲಿಲ್ಲ. ಕಾನೂನಿನ ಯಾವ ಪುಸ್ತಕದಲ್ಲೂ ಇಂಥದ್ದನ್ನು ಅವನು ಟೈಪು ಮಾಡಿರಲಿಲ್ಲ. ಅವನು ಹೊಸಿಲು ದಾಟುವುದರೊಳಗೆ ಕಾಶವ್ವ ಖಾನಾಪುರಕ್ಕೆ ಫೋನು ಹಚ್ಚಿ, ಮೂರು ಬಿಡುಗಡೆಗೆ ನಾಲ್ಕನೆಯದೊಂದನ್ನು ಸೇರಿಸಿ ಹೇಳಿ ಮುಗಿಸಿದ್ದಳು.

ಸ್ವಲ್ಪ ಹೊತ್ತಿಗೆ ಪದ್ಮಶ್ರೀಯ ಫೋನು ಬಂತು. "ಈಗಿಂದೀಗ ಖಾನಾಪುರಕ್ಕ ಬರ್ರಿ."

ಗುರುಪುತ್ರಪ್ಪನಿಗೆ ಒಂದೇ ಅರ್ಥ ಹೊಳೆಯಿತು. ಅವನ ಮೊದಲ ಬಿಡುಗಡೆಯಲ್ಲಿ ಕೊನೆಯ ಸಿಡಿ ಇರಲಿಲ್ಲ. ಅದನ್ನು ನೋಡುವ ಮೊದಲೇ ಕಳೆದುಹೋಗಿತ್ತು. ಡಿವಿಡಿಯಲ್ಲಿ ಸಿಡಿಲಮರಿ ಕತ್ತಲರಾಯನನ್ನು ಸದೆಬಡಿದು ಆಕಾಶಕ್ಕೆ ಹಾರಿಹೋಗುತ್ತಾನೆ, ಮುಗಿಯಿತು. ಆದರೆ ಸಿಡಿಯಲ್ಲಿ ಅದರ ಮುಂದೆ ಇನ್ನೊಂದು ದೃಶ್ಯವಿತ್ತು, ಬೆಂಗಳೂರಿನವರು ಕತ್ತರಿಸಿ ಒಗೆದರು ಎಂದು ಅವನ ವಾದ. ಅದೇನೆಂದು ತಿಳಿಯದೆ ಇಪ್ಪತ್ತು ವರ್ಷದಿಂದ ಒದ್ದಾಡುತ್ತಿದ್ದ. ಮೈದುನ ಸಾತಪ್ಪ ಖಾನಾಪುರದಲ್ಲಿ ಹಿಂದೆ ಸಿಡಿ ಅಂಗಡಿ ಇಟ್ಟಿದ್ದವನು. "ಅಟ್ಟದ ಮ್ಯಾಲ ಹುಡುಕಸು" ಎಂದು ಹೆಂಡತಿಗೆ ಎಷ್ಟು ಸಲ ಹೇಳಿದ್ದನೋ!

"ಸಿಕ್ತೇನು ಕೊನೇದು?" ಎಂದ.

"ಕೊನೇದು ಬ್ಯಾರೆ ಐತೇನು?" ಎಂದು ಆಕೆ ಫೋನು ಕುಕ್ಕಿದಳು.

ಸಿಡಿಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಕಾಶವ್ವ ಮತ್ತು ಮಧುಕರ! "ಎಲ್ಲಿಗ್ರಿ?" ಎಂದರೆ ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಕಾಶವ್ವ ಮಾತ್ರ ತಡೆಯಲಾರದೆ, "ಚೀಲದಾಗ ಏನೈತಿ?" ಎಂದಳು.

"ಮೊದಲನೇದರ ಡಬ್ಬಿ" ಎಂದ ಗುರುಪುತ್ರಪ್ಪ ಹೆಮ್ಮೆಯಿಂದ. "ಲಗ್ನಕ್ಕಿಂತಾ ಮೊದಲಿಂದು."

ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಸಾತಪ್ಪ ತೋಳು ಮಡಚಿಕೊಂಡು ನಿಂತಿದ್ದ. ಪದ್ಮಶ್ರೀಯ ಕಣ್ಣು ಕೆಂಪಗಿತ್ತು. ನಡುವೆ ಅಕ್ಕವ್ವ. ಬಾಯಿ ತೆರೆದಳು ನೋಡಿ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರು ತಿಂಗಳು ಬದಲಾಯಿಸಿತು.

"ನನ್ನ ಮಗಳ ಮಾರಿ ಮಸಕಾಗೇತೇನ್ರಿ?"

"ಯಾರಂದ್ರು?" ಎಂದು ಗುರುಪುತ್ರಪ್ಪ ಎರಡೂ ಕಿವಿ ಮುಚ್ಚಿಕೊಂಡ.

"ಕಿವಿ ಬಿಡೋ ಮಾವ!" ಎಂದ ಸಾತಪ್ಪ. "ಆ ಬೆಂಗಳೂರಾಕಿ ಯಾರು? ರಾತ್ರಿಯೆಲ್ಲಾ ಕಣ್ಣ ಮುಚ್ಚಗೊಡಲಿಲ್ಲಂತಲ್ಲ, ಅಕಿ ಯಾರು?"

ಗುರುಪುತ್ರಪ್ಪನಿಗೆ ಆಗ ಒಂದೊಂದೇ ಬೆಳಕಾಯಿತು. ಬೆಳಕಾದಷ್ಟೂ ಬೆವರು ಇಳಿಯಿತು. "ಸಿಡಿಲಮರಿ! ಕಾರ್ಟೂನು!" ಎಂದು ಕೂಗಿದ. ಯಾರೂ ನಂಬಲಿಲ್ಲ. "ನಲವತ್ತ ವರ್ಷದ ಗಂಡಸು ಕಾರ್ಟೂನಿಗೆ ನಿದ್ದಿ ಕೆಡ್ತಾನ? ನೆವಾ ಹೇಳೂದಾದ್ರ ಚಲೋದೊಂದು ಹೇಳು" ಎಂದ ಮಧುಕರ. ಪದ್ಮಶ್ರೀ ಮಾತ್ರ ತಲೆ ಎತ್ತಿದಳು. ತನ್ನ ಗಂಡ ಅಂಥವನೇ ಎಂಬುದು ಆಕೆಗೆ ಗೊತ್ತಿತ್ತು. "ಅದೇನ್ ಮಾತಾಡೀರಿ, ಪೂರ್ತಿ ಹಚ್ಚರಿ" ಎಂದಳು.

ಗುರುಪುತ್ರಪ್ಪ ಮೊಬೈಲು ಹಚ್ಚಿದ. ಮಸಕು ಮಾರಿ ಬಂತು, ಬೆಂಗಳೂರಿನದು ಬಂತು, ಕನ್ನಡ ಬಾರದ್ದು ಬಂತು. ಆಮೇಲೆ ಕಾಶವ್ವ ಕೇಳದೆ ಓಡಿದ್ದ ಭಾಗ ಬಂತು.

"ಆದ್ರೂ ಮೊದಲನೇದs ಮೇಲು. ಬೆಂಗಳೂರಿನದರಾಗ ಸಿಡಿಲಮರಿ 'ನಿಲ್ಲು ದುಷ್ಟನೇ, ನಾನು ಆಗಮಿಸಿದ್ದೇನೆ' ಅಂತಾನ. ಸಾಲ ವಸೂಲಿ ಮಾಡಾಂವ ಬಂದಂಗ ಆಗ್ತೈತಿ. ಮೊದಲನೇದರಾಗ ನಮ್ಮ ಮಾತು! 'ನಿಲ್ಲಲೇ ಕತ್ತಲಗೇಡಿ, ಸಿಡಿಲಮರಿ ಬಂದಾನ!' ಮೈ ಝುಂ ಅಂತೈತಿ. ಆ ದನಿ ಯಾರದೋ, ಡಬ್ಬಿ ಮ್ಯಾಲ ಹೆಸರಿಲ್ಲ. ಆ ಪುಣ್ಯಾತ್ಮರು ಎಲ್ಲೇ ಇರಲಿ, ನಮ್ಮ ಮನೀಗೆ ಬಂದುಬಿಡ್ಲಿ. ಹಗಲೂ ರಾತ್ರಿ ಮಾತಾಡ್ಲಿ. ನಾನs ಕೈಯಾರೆ ಹಾಸಿಗಿ ಹಾಸಿ ಕೊಡ್ತೀನಿ. ಆ ದನಿ ಕೇಳಕೋತ ಮುದುಕ ಆಗಬೇಕು ನಾ."

ಮೊಬೈಲು ನಿಂತಿತು. ಮಧುಕರ ಚಪ್ಪಲಿ ಹುಡುಕತೊಡಗಿದ. ಗುರುಪುತ್ರಪ್ಪ ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ. ಸಂಸಾರ ಉಳಿಯಿತು. ಇನ್ನು ಹೆಂಡತಿಯನ್ನು ಕರೆದುಕೊಂಡು ಹೋದರೆ ಮುಗಿಯಿತು.

ಅಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಎಂದೂ ಕೇಳದಷ್ಟು ಮೆಲ್ಲಗೆ, "ಹಾಸಿಗಿ ಯಾವ ಖೋಲ್ಯಾಗ ಹಾಸ್ತೀರಿ ಅಳಿಯಾಂದ್ರ?" ಎಂದಳು.

"ಯಾರಿಗ್ರಿ?"

ಅಕ್ಕವ್ವ ಎದ್ದಳು. ಸೆರಗನ್ನು ಶಲ್ಯದ ಹಾಗೆ ಹೆಗಲಿಗೆ ಒಗೆದಳು. ಒಂದು ಕಾಲು ಮುಂದಿಟ್ಟು ಹುಬ್ಬು ಹಾರಿಸಿ ಕೂಗಿದಳು:

"ನಿಲ್ಲಲೇ ಕತ್ತಲಗೇಡಿ! ಸಿಡಿಲಮರಿ ಬಂದಾನ!"

ಗುರುಪುತ್ರಪ್ಪನ ಮೈ ಝುಂ ಅಂದಿತು. ಆಮೇಲೆ ತಣ್ಣಗಾಯಿತು. ಅದೇ ದನಿ. ಆಕೆಯ ಮಾತನ್ನು ಅವನು ಮೊದಲ ಕೂಗಿನಾಚೆ ಎಂದಾದರೂ ಕೇಳಿದ್ದರಲ್ಲವೇ ಗುರುತು ಸಿಗಲಿಕ್ಕೆ?

"ಆವಾಗ ಬೆಳಗಾವ್ಯಾಗ ಒಂದು ಖೋಲ್ಯಾಗ ಕುಂದ್ರಿಸಿ, ಕಿಟಕಿಗೆ ಕೌದಿ ಬಡದು ಹೇಳಿಸಿದ್ರು" ಎಂದಳು ಅಕ್ಕವ್ವ. "ಹುಡಗನ ದನಿ ಬೇಕಂದ್ರು. ನಮ್ಮ ಗಂಟಲಾಗ ಹುಡಗ, ಮುದಕ, ರಾಕ್ಷಸ ಎಲ್ಲಾರೂ ಇದ್ರು. ಬೀಗರು ಕೇಳಿದರ ನಕ್ಕಾರು ಅಂತ ಬಾಯಿ ಬಿಡಲಿಲ್ಲ ನಾ."

ಗುರುಪುತ್ರಪ್ಪ ಹೆಂಡತಿಯ ಕಡೆ ತಿರುಗಿದ. "ನಿನಗ ಗೊತ್ತಿತ್ತು?"

"ಗೊತ್ತಿತ್ತು" ಎಂದಳು ಪದ್ಮಶ್ರೀ. "ಹೇಳಿದ್ದರ ನೀವು ನೋಡೂದs ಬಿಡತಿದ್ರಿ. ಅದೊಂದs ನಿಮಗಿರೂ ಸುಖ, ಯಾಕ ಕೆಡಸಲಿ ಅಂತ ಸುಮ್ಮಕಿದ್ದೆ."

ಗುರುಪುತ್ರಪ್ಪ ಸಿಡಿಗಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಅಳು ಬಂತು, ಅದು ಪ್ರೀತಿಗೋ ಭಯಕ್ಕೋ ಅವನಿಗೇ ಗೊತ್ತಾಗಲಿಲ್ಲ. ಕೊನೆಯ ಅಸ್ತ್ರ ತೆಗೆದ. "ಬರಲಿಕ್ಕೇನು, ಬರ್ರಿ ಅತ್ತೀ... ಆದ್ರ ಬಚ್ಚಲಮನಿ ಟೈಲ್ಸು..."

"ಎಲ್ಲೀ ಟೈಲ್ಸಪಾ?" ಎಂದಳು ಕಾಶವ್ವ. ಬೆಳಗಿನ ತಪ್ಪಿಗೆ ಈಗಲಾದರೂ ನೆರವಾಗಬೇಕೆಂದು ಆಕೆಯ ಜೀವ ತುಡಿಯುತ್ತಿತ್ತು. "ಹೋದ ದೀಪಾವಳಿಗೆ ಮುಗದಾವಲ್ಲ! ಗುಲಾಬಿ ಬಣ್ಣದ್ದು. ಭಾಳ ಛಂದ ಅದಾವ ನೋಡ ಅಕ್ಕವ್ವ."

ಅಕ್ಕವ್ವ ಟ್ರಂಕು ತೆಗೆದು ಸೀರೆಗಳ ಗಂಟು ಕಟ್ಟಿದಳು. ತಳದಿಂದ ಒಂದು ಸಿಡಿ ತೆಗೆದು ಅಳಿಯನ ಕೈಗಿಟ್ಟಳು. ಕೊನೆಯದು! ಒಂದು ಗೀರಿಲ್ಲ. ಗುರುಪುತ್ರಪ್ಪ ಅದನ್ನು ಎದೆಗೆ ಅವಚಿಕೊಂಡ. ಹೋಗಲಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಇದೊಂದನ್ನಾದರೂ ನೋಡಬಹುದು.

ಸಂಜೆಯ ಬಸ್ಸಿನಲ್ಲಿ ಅಕ್ಕವ್ವ ಅವನ ಬಗಲಿಗೇ ಕೂತಳು. ಬಸ್ಸು ಖಾನಾಪುರ ದಾಟಿತೋ ಇಲ್ಲವೋ, ಹಿಂದಿನಿಂದ ಕಾಶವ್ವ, "ಅಲ್ಲಬೇ, ಆ ಸಿಡಿಲಮರಿ ಕಡೀಕ ಏನಾಗ್ತಾನ?" ಎಂದಳು.

"ಅತ್ತೀ, ಹೇಳಬ್ಯಾಡ್ರಿ!" ಎಂದ ಗುರುಪುತ್ರಪ್ಪ. "ಇಪ್ಪತ್ತ ವರ್ಷ ಕಾದೀನಿ. ನಿಮ್ಮ ಕಾಲ ಬೀಳ್ತೀನಿ!"

ಆದರೆ ಅಕ್ಕವ್ವನಿಗೆ ಎಷ್ಟೋ ವರ್ಷದ ಮೇಲೆ ತುಂಬಿದ ಸಭೆ ಸಿಕ್ಕಿತ್ತು. ಡ್ರೈವರನಿಂದ ಹಿಡಿದು ಕಡೆಯ ಸೀಟಿನವರೆಗೆ ಎಲ್ಲರಿಗೂ ಕೇಳುವಂತೆ, ಕತ್ತಲರಾಯನ ದನಿ, ಊರವರ ದನಿ, ಗುಡುಗಿನ ದನಿ ಎಲ್ಲವನ್ನೂ ತೆಗೆದು ದಾರಿಯುದ್ದಕ್ಕೂ ಆಡಿದಳು. ಬೆಳಗಾವಿ ನಿಲ್ದಾಣ ಬರುವ ಹೊತ್ತಿಗೆ ಕಡೆಯ ದೃಶ್ಯ ಬಂತು.

"ಹಾರಿ ಹೋಗ್ತಾನ ಅನ್ನೂದೆಲ್ಲಾ ಸುಳ್ಳ. ತನ್ನ ಭಾಳ ನೆನಸಿದವರ ಮನಿ ಹುಡಕ್ಕೋತ ಬರ್ತಾನ ಸಿಡಿಲಮರಿ. ಹೊಸ್ತಲದಾಗ ಗಂಟು ಇಳಸ್ತಾನ. 'ಇನ್ನ ಸಾಯೂತನಕ ನಾ ಇಲ್ಲಿಂದ ಕದಲಾಂವಲ್ಲ!' ಅಂತಾನ."

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಅಕ್ಕವ್ವ ಎದ್ದು ನಿಂತು ಸೀರೆಯ ಗಂಟನ್ನು ಅಳಿಯನ ತಲೆಯ ಮೇಲೆ ಇಟ್ಟಳು.